ಸೊನ್ನಿಗೆ ತಂದು ಬಂದ್ ಮಾಡ್ರಿ

ಬೈಲಹೊಂಗಲ
೯ ನವೆಂಬರ್ ೧೯೯೭

ವರದಾ ಅಕ್ಕಾರಿಗೆ,

ಓಡಿ ಹೋದ ಅಂದ್ರಿ. ಓಡಿದ್ದು ಖರೆ. ಎಲ್ಲಿಗೆ ಓಡಿದೆ ಅಂತ ಮಾತ್ರ ನೀವು ಕೇಳಲಿಲ್ಲ. ದವಾಖಾನಿ ಗೇಟಿನಾಗ ಅಷ್ಟು ಮಂದಿ ಮುಂದ, ನಮ್ಮಪ್ಪ ನೆಲಕ್ಕ ಬಿದ್ದಾಗ ಓಡಿ ಹೋದಾಂವ ಈಗ ಯಾಕ ಬಂದೀ ಅಂದ್ರಿ. ನಾ ತಿರಗಿ ನಡದೆ. ಬಾಯಿ ತಗದಿದ್ರ ಅಲ್ಲೇ ಕೆಟ್ಟ ಜಗಳ ಆಗತಿತ್ತು. ಅದಕ್ಕ ಈಗ ಬರಿಯಾಕ ಹತ್ತೇನಿ. ಕ್ಷೇಮ ಸಮಾಚಾರ ಏನೂ ಬರಿಯೂದಿಲ್ಲ. ನಿಮಗ ಅದು ಬ್ಯಾಡ, ನನಗೂ ಬ್ಯಾಡ.

ಪಾಡ್ಯೆದ ದಿನ ಸಂಜಿಮುಂದ ಏನಾತು ಅನ್ನೂದು ನಿಮಗ ಗೊತ್ತಿಲ್ಲ. ನೀವು ಅಡಗಿ ಮನ್ಯಾಗ ಇದ್ರಿ. ಓಣಿ ಹುಡುಗೂರು ಕಿಡಕಿಗೆ ಜೋತುಬಿದ್ದು ರಾಯರ ಮಿಂಚು, ರಾಯರ ಮಿಂಚು ಅಂತ ಒದರಾಕ ಹತ್ತಿದ್ರು. ಆ ಮಿಂಚಿನ ಏಣಿ ಅಂದ್ರ ಏನು ಅನ್ನೂದೂ ನೀವು ಒಮ್ಮೆರ ನಿಂತು ನೋಡಿಲ್ಲ. ಟಾಕೀಜಿನವ್ರು ಒಗದ ದೀಪದ ಬೋರ್ಡಿನ ಟ್ರಾನ್ಸ್‌ಫಾರ್ಮರು, ಅದರ ಮ್ಯಾಲ ಎರಡು ತಾಮ್ರದ ಸಲಾಕಿ. ಕೆಳಗ ಕಿಡಿ ಹುಟ್ಟಿ, ಸಲಾಕಿ ಹಿಡಕೊಂಡು ಮ್ಯಾಲ ಏರಿ, ತುದಿಗೆ ಹೋಗಿ ಆರತೈತಿ. ಮತ್ತ ಕೆಳಗಿಂದ ಹುಟ್ಟತೈತಿ. ಮನಿ ಕರೆಂಟು ಅದಕ್ಕ ಒಮ್ಮೆಗೇ ಕೊಡಬಾರದು. ನಡುವ ಡಿಮ್ಮರು ಬೇಕು. ನೀವು ಆ ದುಂಡನ ಡಬ್ಬಿ ಅಂತೀರಲ್ಲ, ಅದ. ಗುಬಟ ತಿರಗಿಸಿದಂಗ ಕರೆಂಟು ಸೊನ್ನಿಯಿಂದ ಸಾವಕಾಶ ಏರತೈತಿ, ಹಂಗ ಸೊನ್ನಿಗೆ ಇಳೀತೈತಿ. ನಿಮ್ಮಪ್ಪ ರಾಯರು ನನಗ ಮೊದಲ ದಿನ ಕಲಿಸಿದ್ದು ಇದ: "ಬಸೂ, ಯಾವಾಗಲೂ ಸೊನ್ನಿಗೆ ತಂದು ಬಂದ್ ಮಾಡು."

ಆವತ್ತು ಸೊನ್ನಿಗೆ ಬರಲಿಲ್ಲ. ನಡುವ ಹೊಗಿ ಬಂತು, ಗುಬಟ ಜಾಮ್ ಆತು. ಪ್ಲಗ್ಗು ಏಣಿ ಹಿಂದಿನ ಗ್ವಾಡಿಗೆ ಇತ್ತು. ನಾ ಬ್ಯಾಡ್ರಿ ಅನ್ನೂದ್ರಾಗ ರಾಯರು ಅದನ್ನ ಕೀಳಾಕ ಕೈ ಚಾಚಿದ್ರು. ಕಿಡಿ ಕೈಗೆ ಹಾರಿತು. ನಾ ಅವರನ್ನ ಹಿಡದು ಎಳದಿದ್ರ ಇಬ್ಬರೂ ಹೋಗತಿದ್ವಿ. ಅದಕ್ಕ ಓಡಿದೆ. ಬೀದಿ ಕಡೆ ಮೇನ್ ಸ್ವಿಚ್ಚಿಗೆ ಓಡಿದೆ. ಅದನ್ನ ಜಗ್ಗಿ ಹಂಗ ಡಾಕ್ಟರ ಮನಿಗೆ ಓಡಿದೆ. ಡಾಕ್ಟರು ಇರಲಿಲ್ಲ, ಕಂಪೌಂಡರನ್ನ ಕರಕೊಂಡು ತಿರಗಿ ಬಂದ್ರ ನಿಮ್ಮ ಮನಿಗೆ ಕೀಲಿ. ಜೀಪಿನಾಗ ಧಾರವಾಡಕ್ಕ ಒಯ್ದಾರ ಅಂದ್ರು.

ಇದನ್ನ ನಂಬೂದು ಬಿಡೂದು ನಿಮಗ ಬಿಟ್ಟದ್ದು.

ಮೊನ್ನೆ ನಾ ಮನಿಗೆ ಬಂದಾಗ, ಈ ಪೀಡಾ ತಗೊಂಡು ನಡಿ ಅಂದು ಡಿಮ್ಮರು ಕಾಲಿಲೆ ದಬ್ಬಿದ್ರಿ. ತಗೊಂಡು ಬಂದೇನಿ. ಹೋಗುವಾಗ ಏಣಿ ಕೋಣಿ ಬೀದಿ ಬಾಗಲಾ ಬಡದದ್ದೂ ಖರೆ. ಗ್ವಾಡಿ ಗಿಲಾವ ಉದರಿ ಬಿದ್ದದ್ದು ಕೇಳಿಸ್ತು. ಅದಕ್ಕ ನನಗ ಕೆಟ್ಟ ಅನಸಿಲ್ಲ. ರಾಯರು ಒಳಗ ಮಲಗಿದ್ರು, ಅವರ ಮಾರಿ ನೋಡಾಕ ಬಿಡಲಿಲ್ಲ ನೀವು. ಅದಕ್ಕ ಕೆಟ್ಟ ಅನಸೇತಿ.

ಡಿಮ್ಮರು ಗುಜರಿಗೆ ಹಾಕೂದಿಲ್ಲ. ರಿಪೇರಿ ಮಾಡತೇನಿ. ನೀವು ಒಲ್ಲೆ ಅಂದ್ರೂ ಮಾಡತೇನಿ.

ಉತ್ತರ ಬರೀಬ್ಯಾಡ್ರಿ.
ಬಸವಲಿಂಗ


ಸವದತ್ತಿ
೨೭ ನವೆಂಬರ್ ೧೯೯೭

ಬಸವಲಿಂಗನಿಗೆ,

ಈ ಪತ್ರದ ಅಕ್ಷರ ನನ್ನದು, ಮಾತು ಅಪ್ಪನದು. ಅವರ ಬಲಗೈ ಇನ್ನೂ ಪಟ್ಟಿಯೊಳಗಿದೆ. ಎಡಗೈಯಲ್ಲಿ ಬರೆಯಲು ಹೋಗಿ ಎರಡು ಹಾಳೆ ಹಾಳುಮಾಡಿದರು. ಕೊನೆಗೆ ಪೆನ್ನನ್ನು ನನ್ನ ಕಡೆ ನೂಕಿ, ನಾ ಹೇಳಿದ್ದಷ್ಟ ಬರಿ, ನಿನ್ನ ಬುದ್ಧಿ ಅದರಾಗ ಸೇರಿಸಬ್ಯಾಡ ಎಂದರು. ಸೇರಿಸುವುದಿಲ್ಲ ಎಂದು ಒಪ್ಪಿಕೊಂಡು ಕುಳಿತಿದ್ದೇನೆ.

ಡಿಮ್ಮರನ್ನು ಬಿಚ್ಚುವ ಮೊದಲು ಒರೆಸಬಾರದಂತೆ. ಸುಟ್ಟ ಜಾಗ ಎಲ್ಲಿದೆ, ಉಂಗುರದ ಯಾವ ಭಾಗದಲ್ಲಿದೆ, ಒಂದೇ ಕಡೆ ಇದೆಯೋ ಉದ್ದಕ್ಕೂ ಇದೆಯೋ ನೋಡಿ ಬರೆಯಬೇಕಂತೆ. ಮುಚ್ಚಳ ತೆಗೆದರೆ ತಂತಿಯ ಸುತ್ತುಗಳು ಕಾಣುತ್ತವೆ, ಅವುಗಳ ಮೇಲೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ಬಣ್ಣ ಕೆರೆದು ತಾಮ್ರ ತೋರಿಸಿರುತ್ತಾರೆ, ಗುಬಟಕ್ಕೆ ಹತ್ತಿದ ಬ್ರಶ್ಶು, ಅಂದರೆ ಇದ್ದಿಲಿನಂಥ ಸಣ್ಣ ತುಂಡು, ಅದರ ಮೇಲೆಯೇ ಓಡಾಡುತ್ತದೆ. ಇದು ನಿನಗೆ ಗೊತ್ತಿದೆ, ನನಗೆ ಗೊತ್ತಾಗಲಿ ಎಂದು ಹೇಳುತ್ತಿದ್ದಾರೆ ಎಂದು ನನ್ನ ಅನುಮಾನ. (ಇದು ನನ್ನ ಬುದ್ಧಿ. ಸೇರಿಸಿದೆ.)

ಅಕ್ಟೋಬರಿನಲ್ಲಿ ನೀನು ಹಾಕಿದ ಹೊಸ ಬ್ರಶ್ಶು ಯಾವುದು ಎಂದು ಅಪ್ಪ ಕೇಳುತ್ತಿದ್ದಾರೆ. ಹಳೆಯ ಬ್ರಶ್ಶು ಸವೆದು ಸವೆದು ಅದರ ಹಿಡಿಕೆಯೇ ತಾಮ್ರವನ್ನು ಕೆರೆಯುತ್ತಿತ್ತು, ಅದಕ್ಕೆ ಬದಲಿಸಲು ಕೊಟ್ಟೆ, ಆದರೆ ಹುಡುಗ ಏನು ತಂದು ಹಾಕಿದ ಎಂದು ನಾನು ನೋಡಲೇ ಇಲ್ಲ ಎನ್ನುತ್ತಾರೆ. ಬ್ರಶ್ಶಿನ ಬಣ್ಣ ಕಪ್ಪೋ, ಕೆಂಪೋ? ಅಷ್ಟನ್ನೇ ಬರಿ.

ಅಪ್ಪನ ಮಾತು ಇಲ್ಲಿಗೆ ಮುಗಿಯಿತು.

ನನ್ನದು ಒಂದು. ಫ್ಯೂಸು ತಾನಾಗಿ ಹೋಗಿ ದೀಪ ಆರಿತು ಎಂದು ನಾನು ತಿಳಿದಿದ್ದೆ, ಈಗಲೂ ಹಾಗೆಯೇ ತಿಳಿದಿದ್ದೇನೆ. ಡಿಮ್ಮರು ರಿಪೇರಿಯಾದರೂ ಅದನ್ನು ಈ ಮನೆಗೆ ತರಬೇಡ.

ವರದಾ


ಬೈಲಹೊಂಗಲ
೮ ಡಿಸೆಂಬರ್ ೧೯೯೭

ರಾಯರಿಗೆ ಬಸವಲಿಂಗನ ನಮಸ್ಕಾರ,

ಇದನ್ನ ಅಕ್ಕಾರು ಓದಿ ಹೇಳತಾರ ಅನ್ನೂದು ಗೊತ್ತೈತಿ. ಓದಲಿ.

ಒರಸದ ಬಿಚ್ಚೇನಿ. ಅರ್ಧ ಉಂಗುರ ದಾಟಿದ ಮ್ಯಾಲ ಒಂದ ಕಡೆ ಕರ್‍ರಗ ಸುಟ್ಟೈತಿ, ಉಳದದ್ದು ಬರೇ ಗೀರು. ಸುಟ್ಟಲ್ಲಿ ಎರಡು ಸುತ್ತು ಕರಗಿ ಕೂಡ್ಯಾವ, ನಡುವ ಸಾಸಿವಿ ಕಾಳಿನಂಗ ತಾಮ್ರದ ಗುಳಿಗಿ ಕುಂತೈತಿ. ಗುಬಟ ಜಾಮ್ ಆಗಿದ್ದು ಅದಕ್ಕ. ಬ್ರಶ್ಶು ಅದಕ್ಕ ಹತ್ತಿಕೊಂಡಿತ್ತು.

ಬ್ರಶ್ಶು ಕೆಂಪಂದು. ಜೀಪಿನ ಸ್ಟಾರ್ಟರಿಂದು. ನಮ್ಮ ಮೋಟಾರು ರಿಪೇರಿ ಅಂಗಡ್ಯಾಗ ಇದ್ದುದರಾಗ ಎಲ್ಲಕ್ಕಿಂತ ಚಲೋದು ಅದ. ನಮ್ಮ ಮಾಲಕ ಬಾಳುಮಾಮಾ ನನಗ ಮೊದಲಿಂದ ಹೇಳೂದು ಒಂದ ಮಾತು, ಬ್ರಶ್ಶಿನಾಗ ತಾಮ್ರ ಎಷ್ಟು ಜಾಸ್ತಿ ಇರತೈತಿ ಅಷ್ಟು ಚಲೋ ಅಂತ. ಮಿಕ್ಸರು ತಂದ ಗಿರಾಕಿಗೆ ಕಪ್ಪಂದು ಹಾಕತೇವಿ. ನಮ್ಮ ಮಂದಿಗೆ ಅಂದ್ರ ಕೆಂಪಂದು. ಅದನ್ನ ಕೇಳಿ, ಕಾಡಿ ಇಸಗೊಂಡು, ಅರದಿಲೆ ತಿಕ್ಕಿ ಸಣ್ಣ ಮಾಡಿ ಹಾಕಿದೆ. ಬ್ಯಾರೆ ಯಾರಿಗರ ಆಗಿದ್ರ ಹಾಕತಿದ್ದಿಲ್ಲ. ಇದರಾಗ ತಪ್ಪೇನೈತಿ ಹೇಳ್ರಿ. ನಾ ಹಾಕಿದ್ದು ಕೆಟ್ಟ ಮಾಲು ಅಂತ ಯಾರರ ಅಂದ್ರ ಅವರನ್ನ ಇಲ್ಲಿಗೆ ಕಳಸ್ರಿ. ಅಂಗಡ್ಯಾಗ ನಿಂತು ತೋರಸತೇನಿ.

ಆದ್ರ ಸುಟ್ಟದ್ದು ಸುಟ್ಟೈತಿ. ಅದನ್ನ ನೋಡಿ ನೋಡಿ ನನ್ನ ತೆಲಿ ಕೆಟ್ಟೈತಿ. ಚಲೋ ಮಾಲು ಹಾಕಿ ಸುಟ್ಟದ್ದು ಹೆಂಗ? ನೀವು ಬೈತೀರಿ ಅಂತ ಕಾದೆ. ನೀವು ಬಣ್ಣ ಕೇಳೀರಿ.

ರಾಯರ, ಒಂದು ಮಾತು ಬರಿಯಬೇಕಾಗೇತಿ. ಅಕ್ಕಾರು ಇಲ್ಲಿ ಜರಾ ಮನಸಿನಾಗ ಓದಲಿ, ಗಟ್ಟೆ ಓದೂದು ಬ್ಯಾಡ. ನಾ ಎಂಟನೇತ್ತಾದಾಗ ಸಾಲಿ ಬಿಟ್ಟೆ. ಬಿಟ್ಟೆ ಅನ್ನೂದಕಿಂತ ಮಾಸ್ತರು ಕುರಿ ಕಾಯಾಕ ಲಾಯಕ್ಕು ಅಂದ್ರು, ನಾ ಅವರ ಟೇಬಲ್ಲಿನ ಮ್ಯಾಲ ಕಂಪಾಸ ಪೆಟಗಿ ಒಗದು ಹೊರಗ ಬಂದೆ. ಅಪ್ಪ ನಮ್ಮೂರು ಮನೋಳ್ಯಾಗ ಹೊಲಕ್ಕ ಹಚ್ಚಿದ. ಅಲ್ಲೂ ಜಗಳ. ಸವದತ್ತಿಗೆ ಪಂಪು ರಿಪೇರಿಗೆ ತಂದಾಗ ನಿಮ್ಮ ಮನಿ ಕಿಡಕ್ಯಾಗ ನೀಲಿ ಬೆಳಕು ಕಂಡು ನಿಂತೆ. ನೀವು ಯಾರು, ಯಾರ ಮಗ, ಎಷ್ಟನೇತ್ತಾ ಅಂತ ಏನೂ ಕೇಳಲಿಲ್ಲ. ಮೀಟರು ಕೈಯಾಗ ಕೊಟ್ರಿ. ಮುಳ್ಳು ಎಲ್ಲಿ ನಿಂತದ ನೋಡಿ ಹೇಳು ಅಂದ್ರಿ. ನಾ ಹೇಳಿದ್ದನ್ನ ನೀವು ಹಂಗ ಬರಕೊಂಡ್ರಿ. ತಿರಗಿ ನೋಡಲಿಲ್ಲ.

ನಾ ಹೇಳಿದ್ದನ್ನ ತಿರಗಿ ನೋಡದ ಬರಕೊಂಡವ್ರು ನನ್ನ ಜನ್ಮದಾಗ ನೀವೊಬ್ರ. ಬೈಲಹೊಂಗಲದಾಗ ಈ ಕೆಲಸಕ್ಕ ಹಚ್ಚಿದವ್ರೂ ನೀವ. ಅದಕ್ಕ ಕೆಂಪ ಬ್ರಶ್ಶು ಹಾಕಿದೆ. ಅಷ್ಟ.

ಕೈ ಹೆಂಗೈತಿ ಅಂತ ಯಾರೂ ಬರದಿಲ್ಲ. ಬರೀರಿ.

ನಿಮ್ಮ
ಬಸೂ


ಸವದತ್ತಿ
೨೩ ಡಿಸೆಂಬರ್ ೧೯೯೭

ಬಸವಲಿಂಗನಿಗೆ,

ಮನಸ್ಸಿನಲ್ಲಿ ಓದು ಎಂದಿದ್ದನ್ನು ಮನಸ್ಸಿನಲ್ಲಿಯೇ ಓದಿದೆ. ಆದರೆ ಅಪ್ಪ ನನ್ನ ಮುಖ ನೋಡುತ್ತಿದ್ದರು. ಏನು ಬರದಾನ ಎಂದು ಕೇಳಿದರು. ಹಾಳೆಯನ್ನು ಅವರ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಚಹಾ ಕೇಳಿದರು.

ಇನ್ನು ಅವರು ಹೇಳಿದ್ದು.

ಬ್ರಶ್ಶು ಕೆಟ್ಟದ್ದಲ್ಲ. ಬಾಳು ಹೇಳಿದ್ದೂ ಸುಳ್ಳಲ್ಲ. ಜೀಪಿನ ಸ್ಟಾರ್ಟರಿಗೆ ಒಂದು ಕ್ಷಣದಲ್ಲಿ ಬೇಕಾದಷ್ಟು ಕರೆಂಟು ಹಾಯಬೇಕು, ಅಲ್ಲಿ ಬ್ರಶ್ಶು ತಡೆಯಬಾರದು, ಅದಕ್ಕೆ ತಾಮ್ರ ಹೆಚ್ಚು. ಡಿಮ್ಮರಿನಲ್ಲಿ ಹಾಗಲ್ಲ. ಬ್ರಶ್ಶು ಒಂದು ಸುತ್ತಿನಿಂದ ಇನ್ನೊಂದಕ್ಕೆ ಸರಿಯುವಾಗ ಎರಡನ್ನೂ ಒಟ್ಟಿಗೆ ಮುಟ್ಟಿಯೇ ಮುಟ್ಟುತ್ತದೆ. ಆಗ ಅದು ಸ್ವಲ್ಪ ತಡೆಯಬೇಕು. ತಾಮ್ರ ತುಂಬಿದ ಬ್ರಶ್ಶು ತಡೆಯುವುದಿಲ್ಲ. ಎರಡು ಸುತ್ತನ್ನೂ ಗಂಟುಹಾಕಿದಂತೆ ಆಗುತ್ತದೆ. ಆ ಸಣ್ಣ ಗಂಟಿನೊಳಗೇ ಕರೆಂಟು ಗಿರಗಿರ ತಿರುಗುತ್ತದೆ. ಹೊರಗೆ ಯಾರ ಕೆಲಸಕ್ಕೂ ಬರುವುದಿಲ್ಲ, ತನ್ನನ್ನೇ ಸುಟ್ಟುಕೊಳ್ಳುತ್ತದೆ. ಹೊರಗಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ.

ಇದನ್ನು ಬರೆಯುವಾಗ ನಾನು ಪೆನ್ನು ನಿಲ್ಲಿಸಿ, ಹಾಗಾದರೆ ಆವತ್ತು ಫ್ಯೂಸು ಹೋಗಿರಲಿಕ್ಕಿಲ್ಲವೇ ಎಂದು ಕೇಳಿದೆ. "ಇಲ್ಲವಾ. ಏಣಿ ಉರಿಲಿಕ್ಕೆ ಹತ್ತಿತ್ತು. ನನ್ನ ಕೈ ಇನ್ನೂ ಅಲ್ಲೇ ಇತ್ತು. ಆಮ್ಯಾಲ ಒಮ್ಮೆಲೆ ಕತ್ತಲಿ ಆತು," ಎಂದರು.

ಆಮೇಲೆ ಇದನ್ನು ಬರೆಸಿದರು. "ಬ್ರಶ್ಶು ಬ್ಯಾರೆ ಬ್ಯಾರೆ ಇರತಾವ ಅಂತ ನಾ ನಿನಗ ಹೇಳಿದ್ದಿಲ್ಲ ಬಸೂ. ಹೇಳಬೇಕಾಗಿತ್ತು." ಮಿಕ್ಸರಿಗೆ ಹಾಕುವ ಕಪ್ಪು ಬ್ರಶ್ಶು ಸಾಕು, ಎರಡು ಸುತ್ತಿಗಿಂತ ಅಗಲ ಇರದಂತೆ ತಿಕ್ಕು ಎಂದಿದ್ದಾರೆ.

ಕೈ ಹೇಗಿದೆ ಎಂದು ಕೇಳಿದ್ದೀ. ಪಟ್ಟಿ ಬಿಚ್ಚಿದ್ದಾರೆ. ಬೆರಳು ಪೂರ್ತಿ ಮಡಚುವುದಿಲ್ಲ. ಪಾತ್ರೆ ಹಿಡಿಯಲು ಹೋಗಿ ಬೀಳಿಸುತ್ತಾರೆ, ನಾನು ನೋಡದ ಹಾಗೆ ಎತ್ತಿಡುತ್ತಾರೆ. ನಾನೂ ನೋಡದ ಹಾಗೆಯೇ ಇರುತ್ತೇನೆ.

ಇನ್ನೊಂದು ಮಾತು. ನಿನ್ನೆ ಎದುರುಮನೆಯ ದೇವಕ್ಕನ ಬಳಿ ಮೇನ್ ಸ್ವಿಚ್ಚಿನ ಪೆಟ್ಟಿಗೆಯ ವಿಷಯ ತೆಗೆದೆ. ನಾವು ಧಾರವಾಡದಿಂದ ಬಂದಾಗ ಅದರ ಹಲಗೆ ಬಾಗಿಲು ಕಿತ್ತು ಬಿದ್ದಿತ್ತು. ಹಬ್ಬದ ಗದ್ದಲದಲ್ಲಿ ದನ ಹಾಯ್ದಿರಬೇಕು ಎಂದುಕೊಂಡಿದ್ದೆ. ದೇವಕ್ಕ ಅಂದಳು: "ದನಾ ಅಲ್ಲಬೇ, ನಿಮ್ಮ ಮನೋಳಿ ಹುಡುಗ. ಮುಷ್ಟಿಲೆ ಗುದ್ದಿ ಗುದ್ದಿ ಮುರದ. ಕೈಯಾಗ ರಕ್ತ ಸುರೀತಿತ್ತು, ಹಂಗ ಓಡಿದ."

ಆ ಪೆಟ್ಟಿಗೆಗೆ ಬೀಗ ಹಾಕಿದ್ದು ನಾನು. ಹುಡುಗರು ಮುಟ್ಟಬಾರದೆಂದು ಹಬ್ಬದ ಹಿಂದಿನ ದಿನ ಹಾಕಿದ್ದೆ. ಕೀಲಿ ನನ್ನ ಸೊಂಟದಲ್ಲೇ ಇತ್ತು. ಅಷ್ಟು ಸಿಟ್ಟಿನಿಂದ ಬರೆದ ಪತ್ರದಲ್ಲಿ ನೀನು ಎಲ್ಲವನ್ನೂ ಬರೆದೆ, ಬೀಗದ ಮಾತು ಮಾತ್ರ ಬರೆಯಲಿಲ್ಲ.

ನಿನ್ನ ಕೈ ಈಗ ಹೇಗಿದೆ?

ವರದಕ್ಕ


ಬೈಲಹೊಂಗಲ
೧೯ ಜನವರಿ ೧೯೯೮

ವರದಕ್ಕಗ ನಮಸ್ಕಾರ,

ಕೈ ಚಲೋ ಐತಿ. ಅದರ ಸುದ್ದಿ ಬ್ಯಾಡ.

ತಡಾ ಆತು. ಹುಣ್ಣಿವಿ ಮುಂದ ಗುಡ್ಡದ ಜಾತ್ರಿಗೆ ಹೋಗೂ ಟ್ರ್ಯಾಕ್ಸು, ಜೀಪು ಎಲ್ಲಾ ನಮ್ಮ ಅಂಗಡಿ ಮುಂದ ಕೆಟ್ಟು ನಿಂತಿದ್ವು. ಸ್ಟಾರ್ಟರು ಬಿಚ್ಚಿ ಬಿಚ್ಚಿ ಸಾಕಾತು. ಎಲ್ಲಾಕೂ ಕೆಂಪ ಬ್ರಶ್ಶು ಹಾಕಿದೆ. ಹಾಕುವಾಗೆಲ್ಲಾ ರಾಯರು ಹೇಳಿದ್ದು ನೆನಪಾಗತಿತ್ತು. ಬಾಳುಮಾಮಾಗ ಓದಿ ಹೇಳಿದೆ. ಅಂವ ಬೀಡಿ ಆರಿಸಿ, ಇಷ್ಟು ವರ್ಷ ಯಾರೂ ಹೇಳಿದ್ದಿಲ್ಲಲೇ ಅಂದ. ಈಗ ಡಿಮ್ಮರು ಬಂದ್ರ ರಾಯರಿಗೆ ಬರದು ಕೇಳೂನು ಅಂತಾನ.

ರಿಪೇರಿ ಹೆಂಗ ಮಾಡಿದೆ ಅನ್ನೂದು ರಾಯರಿಗೆ ಹೇಳ್ರಿ. ಕೂಡಿದ್ದ ಸುತ್ತು ಬ್ಲೇಡಿಲೆ ಬಿಡಿಸಿದೆ. ಒಂದಕ್ಕೊಂದು ಮುಟ್ಟದಂಗ ನಡುವ ಕಾಗದ ತೂರಿಸಿ ವಾರ್ನಿಸ್ ಬಿಟ್ಟೆ. ಒಣಗಿದ ಮ್ಯಾಲ ಗೀರು ಬಿದ್ದದ್ದನ್ನ ನುಣ್ಣನ ಪಾಲಿಶ್ ಪೇಪರಿಲೆ ಸಾವಕಾಶ ತಿಕ್ಕಿದೆ. ಜೋರ ತಿಕ್ಕಿದ್ರ ತಾಮ್ರ ಹೋಗತೈತಿ. ನನಗ ಸಾವಕಾಶ ಬರೂದಿಲ್ಲ ಅನ್ನೂದು ನಿಮಗ ಗೊತ್ತೈತಿ. ತಿಕ್ಕೂದು, ನಿಲ್ಲೂದು, ಹೊರಗ ಹೋಗಿ ಬರೂದು, ಮತ್ತ ತಿಕ್ಕೂದು.

ಕಪ್ಪ ಬ್ರಶ್ಶು ಹಾಕಿ ಕಟ್ಟಿದೆ. ನಮ್ಮಲ್ಲಿ ಯಾವ ಮಾಲೂ ಹಂಗ ಲೈನಿಗೆ ಕೊಡೂದಿಲ್ಲ. ನಡುವ ಒಂದು ಬಲ್ಬು ಹಚ್ಚತೇವಿ. ಒಳಗ ಸುತ್ತು ಕೂಡಿದ್ರ ಬಲ್ಬು ಭಗ್ ಅಂತ ಹತ್ತತೈತಿ. ಒಳಗ ಚಲೋ ಇದ್ರ ಹತ್ತೂದಿಲ್ಲ, ದಾರದಷ್ಟು ಕೆಂಪ ಆಗಿ ನಿಲ್ಲತೈತಿ.

ಹಚ್ಚಿದೆ. ಬಲ್ಬು ಭಗ್ ಅಂತು.

ಪಾನಾ ತಗೊಂಡು ಗ್ವಾಡಿಗೆ ಒಗದೆ. ಕ್ಯಾಲೆಂಡರು ಹರೀತು. ಡಿಮ್ಮರೂ ಎತ್ತಿ ಒಗ್ಯಾಂವ ಇದ್ದೆ. ಬಾಳುಮಾಮಾ ಕುಂತಲ್ಲಿಂದ ಏಳಲಿಲ್ಲ. "ಒಗೀಲೇ ಒಗೀ, ರಾಯರಿಗೆ ಪತ್ರ ಬರೀ ಒಗದೇನಿ ಅಂತ. ಬಣ್ಣ ಯಾವುದು ಅಂತ ಕೇಳತಾರ" ಅಂದ. ನನಗ ನಗಿ ಬಂತು. ಸಿಟ್ಟಿನಾಗ ನಗಿ ಬಂದ್ರ ಭಾಳ ಕೆಟ್ಟ ಅನಸತೈತಿ, ಆದ್ರ ಬಂತು.

ಮತ್ತ ಬಿಚ್ಚಿದೆ. ಸುತ್ತಿನ ನಡುವ, ಒಳಗ, ಹಳೇ ಹಿಡಕಿ ಕೆರದ ತಾಮ್ರದ ಪುಡಿ ಕುಂತಿತ್ತು. ಮ್ಯಾಲ ನೋಡಿದ್ರ ಕಾಣೂದಿಲ್ಲ. ಹಲ್ಲ ತಿಕ್ಕೂ ಬ್ರಶ್ಶು ಸ್ಪಿರಿಟ್ಟಿನಾಗ ಎದ್ದಿ, ಒಂದೊಂದ ಸುತ್ತಿನ ಸಂದು ತಿಕ್ಕಿದೆ. ಬಾಳುಮಾಮಾ ಹಾದು ಹೋಗುವಾಗೆಲ್ಲಾ, ಕನ್ಯಾ ನೋಡಾಕ ಬಂದಂಗ ಕುಂತಾನ ನೋಡ್ರಿ ಅಂತ ಗಿರಾಕಿಗೆ ತೋರಿಸಿ ನಗಾಂವ. ನಗಲಿ.

ಆಮ್ಯಾಲ ಪಾಲಿಶ್ ಪೇಪರಿನ ಒರಟ ಮಾರಿ ಮ್ಯಾಲ ಮಾಡಿ ತಾಮ್ರದ ಮ್ಯಾಲ ಹಾಸಿ, ಅದರ ಮ್ಯಾಲ ಬ್ರಶ್ಶು ಅತ್ತಿತ್ತ ತಿರಗಿಸಿದೆ. ಬ್ರಶ್ಶಿನ ಮಾರಿ ತಾಮ್ರಕ್ಕ ಹೊಂದಿಕೊಂಡು ಕುಂತಿತು. ಹೊಸಾದು ಹಳೇದಕ್ಕ ಹಂಗ ಕೂಡೂದಿಲ್ಲ, ಜರಾ ತಿಕ್ಕಬೇಕು.

ಮತ್ತ ಬಲ್ಬು ಹಚ್ಚಿದೆ. ಹತ್ತಲಿಲ್ಲ. ದಾರದಷ್ಟು ಕೆಂಪ. ಬಾಳುಮಾಮಾ ಎದ್ದು ಬಂದು ಕಿವಿ ಹಚ್ಚಿ ಕೇಳಿದ. ಗುಂಯ್ ಅನ್ನೂದು ಜೇನಿನಂಗ ಸಣ್ಣಗೈತಿ. ಸೊನ್ನಿಯಿಂದ ಏರಿಸಿದೆ, ಸೊನ್ನಿಗೆ ತಂದೆ, ಬಂದ್ ಮಾಡಿದೆ.

ವರದಕ್ಕ, ಬೀಗದ್ದು ನಾ ಬರೀಲಿಲ್ಲ ಅಂತ ಬರದೀರಿ. ಬರಿಯೂದೇನೈತಿ ಅದರಾಗ? ಹುಡುಗೂರು ಮುಟ್ಟಬಾರದು ಅಂತ ಹಾಕಿದ್ದು. ನಾ ಕೆಂಪ ಬ್ರಶ್ಶು ಹಾಕಿದ್ದೂ ಹಂಗ.

ಡಿಮ್ಮರು ತಯಾರೈತಿ. ತರಬ್ಯಾಡ ಅಂದೀರಿ. ಈಗ ಏನಂತೀರಿ ಬರೀರಿ.

ಬಸವಲಿಂಗ


ಸವದತ್ತಿ
೩ ಫೆಬ್ರವರಿ ೧೯೯೮

ಬಸವಲಿಂಗನಿಗೆ,

ನಿನ್ನ ಪತ್ರವನ್ನು ಅಪ್ಪ ನನ್ನಿಂದ ಮೂರು ಸಲ ಓದಿಸಿದರು. ಬಲ್ಬು ಭಗ್ ಎಂದ ಕಡೆ ಪ್ರತಿ ಸಲವೂ ಮುಂದೆ ಬಾಗುತ್ತಾರೆ, ಗೊತ್ತಿದ್ದರೂ.

ಈಗ ನನ್ನ ಮಾತು ಕೇಳು. ನಾನು ಆ ಏಣಿಯನ್ನು ದ್ವೇಷಿಸುತ್ತೇನೆ. ಅಪ್ಪ ಕಾಲೇಜಿನ ಲ್ಯಾಬಿನಲ್ಲಿ ಇರುವಾಗಿನಿಂದ ಈ ಹುಚ್ಚು. ಅವ್ವ ಗಂಗೂಬಾಯಿ ಇರುವವರೆಗೆ ಅವಳೊಬ್ಬಳೇ ಹತ್ತಿರ ಕುಳಿತು ನೋಡುತ್ತಿದ್ದಳು. ನನಗೆ ಹೆದರಿಕೆ. ಈಗ ಹೆದರಿಕೆ ಇನ್ನೂ ಹೆಚ್ಚಾಗಿದೆ, ಸುಳ್ಳು ಹೇಳುವುದಿಲ್ಲ.

ಆದರೆ ಅಪ್ಪ ಸುಮ್ಮನೆ ಕುಳಿತಿರುತ್ತಾರೆ. ಕಿಟಕಿಗೆ ಬಂದ ಹುಡುಗರಿಗೆ ಇಲ್ಲಪಾ, ಮುಗೀತು ಎಂದು ಹೇಳಿ ಕಳಿಸುತ್ತಾರೆ. ಅದನ್ನು ಕೇಳುವುದು ನನ್ನಿಂದ ಆಗುತ್ತಿಲ್ಲ. ನಿನ್ನೆ, ಒಂದೇ ಸಲ ವರದಾ, ಆಮ್ಯಾಲ ಬೇಕಾದ್ರ ಗುಜರಿಗೆ ಕೊಡು ಎಂದರು.

ತಾ. ಆದರೆ ಒಂದು ಕರಾರು. ಏಣಿ ಉರಿಯುವಾಗ ಆ ಕೋಣೆಯಲ್ಲಿ ಯಾರೂ ಇರಬಾರದು. ಇರುವುದಿಲ್ಲ ಎಂದು ಮಾತು ಕೊಟ್ಟರೆ ಸಾಲದು. ಅಪ್ಪ ಮಾತು ಕೊಡುತ್ತಾರೆ, ಮರೆಯುತ್ತಾರೆ. ನೀನು ಸಿಟ್ಟಿನಲ್ಲಿ ಎಲ್ಲವನ್ನೂ ಮರೆಯುತ್ತೀ. ಮಾತಿನ ಮೇಲೆ ನಿಲ್ಲದ ಹಾಗೆ, ಒಳಗೆ ಮನುಷ್ಯ ಕಾಲಿಟ್ಟರೆ ಕಿಡಿ ತಾನೇ ಆರುವ ಹಾಗೆ ಮಾಡಲು ಸಾಧ್ಯವೆ? ಸಾಧ್ಯವಿಲ್ಲದಿದ್ದರೆ ತರಬೇಡ.

ವರದಕ್ಕ


ಬೈಲಹೊಂಗಲ
೧೬ ಫೆಬ್ರವರಿ ೧೯೯೮

ವರದಕ್ಕಗ,

ಆಗತೈತಿ.

ಇದನ್ನ ಇಷ್ಟು ದಿನ ನಾನೂ ವಿಚಾರ ಮಾಡಿದ್ದಿಲ್ಲ, ರಾಯರೂ ಮಾಡಿದ್ದಿಲ್ಲ. ನೀವು ಮಾಡೀರಿ. ಬಾಳುಮಾಮಾ ಸಕ್ಕರಿ ಕಾರ್ಖಾನಿ ಮಿಶಿನ್ನಿಂದು ಒಂದು ಸ್ವಿಚ್ಚು ಕೊಟ್ಟಾನ. ಸ್ಪ್ರಿಂಗಿಂದು. ಒತ್ತಿ ಹಿಡದ್ರ ಕರೆಂಟು ಹೋಗತೈತಿ, ಬಿಟ್ರ ಬಂದ್. ಕೋಣಿ ಬೀದಿ ಬಾಗಲದ ಚೌಕಟ್ಟಿಗೆ ಹಚ್ಚತೇನಿ. ಬಾಗಲಾ ಹಾಕಿದ್ದಾಗ ಅಷ್ಟ ಏಣಿ ಉರೀತೈತಿ. ತಗದ್ರ ಸತ್ತು ಹೋಗತೈತಿ. ರಾಯರು, ನಾ, ಮಂತ್ರಿ ಬಂದ್ರೂ ಅಷ್ಟ. ಮಾತು ಕೊಡೂದು ಬ್ಯಾಡ.

ನೀವು ಒಂದು ಕೆಲಸ ಮಾಡ್ರಿ. ಪಡಸಾಲಿಯಿಂದ ಕೋಣಿಗೆ ಹೋಗೂ ಬಾಗಲಕ್ಕ ಕಪಾಟು ಸರಿಸಿ ಖಾಯಂ ಬಂದ್ ಮಾಡ್ರಿ. ಕೋಣಿಗೆ ಹೋಗೂದು ಬೀದಿ ಬಾಗಲದಿಂದ ಅಷ್ಟ ಆಗಲಿ. ಪ್ಲಗ್ಗು, ಡಿಮ್ಮರು ಎರಡೂ ಪಡಸಾಲ್ಯಾಗ, ಕೋಣಿ ಕಾಣೂ ಒಳಗಿನ ಕಿಡಕಿ ಹಂತ್ಯಾಕ, ರಾಯರ ಖುರ್ಚಿ ಬಾಜೂಕ ಇರಲಿ. ಅವರು ಕುಂತಲ್ಲೇ ಎಡಗೈಲೆ ತಿರಗಸಬಹುದು. ಗುಬಟ ಬದಲಿ ಮಾಡೇನಿ. ಹಳೇದು ಸಣ್ಣದಿತ್ತು. ಹೊಲಿಗಿ ಮಿಶಿನ್ನಿನ ಗಾಲಿ ಹಾಕೇನಿ. ಬೆರಳು ಮಡಚೂದು ಬ್ಯಾಡ, ಅಂಗೈಲೆ ಸರಿಸಿದ್ರ ಸಾಕು. ಬಲಗೈಲೂ ಆಗತೈತಿ.

ಇನ್ನೊಂದು. ಕೊಲ್ಲಾಪುರದಾಗ ಬಾಳುಮಾಮಾನ ಸೋದರಮಾವಂದು ದೊಡ್ಡ ವೈಂಡಿಂಗ್ ಅಂಗಡಿ ಐತಿ. ಬಾ ಅಂದಾರ. ಹೋಗತೇನಿ. ಸವದತ್ತಿಗೆ ಬಂದು ಇದನ್ನ ಕೂಡಿಸಿ, ಅಲ್ಲಿಂದ ಹಂಗ ಹೋಗಾಂವ.

ಬಸವಲಿಂಗ


ಸವದತ್ತಿ, ನಿಮ್ಮ ಪಡಸಾಲಿ
೧ ಮಾರ್ಚ್ ೧೯೯೮

ರಾಯರಿಗೆ, ವರದಕ್ಕಗ,

ನೀವಿಬ್ರೂ ಒಳಗ ಅದೀರಿ. ಅಕ್ಕ ಚಾಕ್ಕ ಇಟ್ಟಾರ, ರಾಯರು ಮಾರಿ ತೊಳಕೊಳ್ಳಾಕ ಹೋಗ್ಯಾರ. ಇದು ಟಪಾಲಿಗೆ ಹಾಕೂದಲ್ಲ. ಗಾಲಿ ಸಂದ್ಯಾಗ ಸಿಗಸತೇನಿ. ತಗದು ಓದಿದ ಮ್ಯಾಲ ಅಷ್ಟ ಗಾಲಿ ತಿರಗತೈತಿ.

ಮುಂಜಾನಿ ಮತ್ತ ಜಗಳ ಮಾಡಿದ್ವಿ. ನೀನೂ ಕುಂತು ನೋಡು, ನೋಡಿ ನಾಳೆ ಹೋಗು ಅಂದ್ರಿ ಅಕ್ಕ. ನಾ ಒಲ್ಲೆ ಅಂದೆ. ಯಾಕ ಅಂದ್ರಿ. ಬಾಯಿಲೆ ಹೇಳಾಕ ಬರಲಿಲ್ಲ, ದನಿ ಏರಿಸಿದೆ. ಈಗ ಬರೀತೇನಿ. ಹೋದ ಸಲ ನಾ ನೋಡೇನಿ. ರಾಯರ ಕೈಗೆ ಕಿಡಿ ಹಾರಿದ್ದು ಕಣ್ಣಾಗ ಕುಂತೈತಿ. ಇನ್ನೊಮ್ಮೆ ಅವರು ಏಣಿ ಮುಂದ ಕುಂತಾಗ ನಾ ಅಲ್ಲಿ ನಿಂತ್ರ ಸಾವಕಾಶ ನಿಲ್ಲಾಕ ಆಗೂದಿಲ್ಲ. ಕೂಗತೇನಿ, ಕೈ ಹಿಡೀತೇನಿ, ಎಲ್ಲಾ ಹಾಳ ಮಾಡತೇನಿ. ಮುಂದ ಯಾವಾಗರ ಬಂದು ನೋಡತೇನಿ. ಆವಾಗ ತೋರಸ್ರಿ.

ಗುಜರಿಗೆ ಕೊಡಬ್ಯಾಡ್ರಿ ಅಕ್ಕ. ಒಂದೇ ಸಲ ಅಂದದ್ದು ಅವರು ನಿಮಗ ಅಂಜಿ.

ರಾಯರ, ಮೊನ್ನೆ ಮನೋಳಿಗೆ ಹೋಗಿ ಅಪ್ಪನ್ನ ಭೆಟ್ಟಿ ಆಗಿ ಬಂದೆ. ಕೊಲ್ಲಾಪುರಕ್ಕ ಹೊಂಟೇನಿ ಅಂದೆ. ಯಾರು ಕಲಿಸ್ಯಾರ ನಿನಗ ಅಷ್ಟು ಕೆಲಸ ಅಂದ. ನಿಮ್ಮ ಹೆಸರು ಹೇಳಿದೆ. ಅಂವ ಅವ್ವ ಸೋಮವ್ವನ್ನ ಕರದು, ಜ್ವಾಳದ ಚೀಲಾ ಕಟ್ಟಲೇ ಅಂದ. ಪಡಸಾಲಿ ಮೂಲ್ಯಾಗ ಇಟ್ಟೇನಿ. ಬ್ಯಾಡ ಅನಬ್ಯಾಡ್ರಿ. ನಮ್ಮ ಮನ್ಯಾಗ ಉಪಕಾರ ಆತು ಅಂತ ಬಾಯಿಲೆ ಅನ್ನೂದು ಯಾರಿಗೂ ಬರೂದಿಲ್ಲ. ನಮ್ಮಪ್ಪಗ ಬರೂದಿಲ್ಲ, ನನಗೂ ಬರೂದಿಲ್ಲ. ಅಂವ ಜ್ವಾಳಾ ಕೊಟ್ಟಾನ. ನಾ ಡಿಮ್ಮರು ಕೊಟ್ಟೇನಿ.

ಆದ್ರ ಒಮ್ಮೆರ ಬರೀತೇನಿ. ಉಪಕಾರ ಆತ್ರಿ ರಾಯರ. ವರದಕ್ಕ, ನಿಮ್ಮದೂ. ನನ್ನ ಕೈ ಹೆಂಗೈತಿ ಅಂತ ಕೇಳಿದ್ರಲ್ಲ, ಅದಕ್ಕ. ಬೆರಳು ಜರಾ ಸೊಟ್ಟ ಆಗೇತಿ. ರಾಯರದೂ ಸೊಟ್ಟ, ನನ್ನದೂ ಸೊಟ್ಟ. ಕೆಲಸಾ ನಡೀತೈತಿ.

ಈಗ ಕೆಲಸದ ಮಾತು. ಒಳಗ ಎಲ್ಲಾ ಕೂಡಿಸೇನಿ. ಬಾಗಲಾ ಪೂರಾ ಕುಂತ್ರ ಡಿಮ್ಮರ ಬಾಜೂಕ ಕೆಂಪ ದೀಪ ಹತ್ತತೈತಿ. ದೀಪ ಹತ್ತಿದ ಮ್ಯಾಲ ರಾಯರು ಸೊನ್ನಿಯಿಂದ ಶುರು ಮಾಡಲಿ. ವರದಕ್ಕ, ನೀವು ಖುರ್ಚಿ ಹಂತ್ಯಾಕ ಕೂಡ್ರಿ. ಅವ್ವಾರು ಕೂಡ್ತಿದ್ದಲ್ಲಿ. ಅಂಜಿಕಿ ಬಂದ್ರ ಏನೂ ಮಾಡೂದು ಬ್ಯಾಡ, ಗಾಲಿ ಮ್ಯಾಲ ಅವರ ಕೈ ಮ್ಯಾಲ ಕೈ ಇಟ್ಟು ಹಿಂದಕ್ಕ ತಿರಗಸ್ರಿ. ಸೊನ್ನಿಗೆ ತಂದು ಬಂದ್ ಮಾಡ್ರಿ. ಈ ಸಲ ಬರತೈತಿ. ನಾ ಅದೆಷ್ಟು ಸಲ ತಿರಗಿಸಿ ನೋಡೇನಿ ಅನ್ನೂದು ಬಾಳುಮಾಮಾಗ ಗೊತ್ತು.

ಒಂದ ತಕರಾರು ಉಳದೈತಿ. ಬೀದಿ ಬಾಗಲಾ ಮಳಿಗಾಲದಾಗ ಉಬ್ಬಿದ್ದು ಇನ್ನೂ ಇಳದಿಲ್ಲ. ಮೆತ್ತಗ ಹಾಕಿದ್ರ ಚೌಕಟ್ಟಿನಾಗ ಕೂಡೂದಿಲ್ಲ, ಸ್ವಿಚ್ಚು ಹಿಡಿಯೂದಿಲ್ಲ, ದೀಪ ಹತ್ತೂದಿಲ್ಲ. ಬಡಗ್ಯಾನ ಕರದು ಹೆರಸೂನು ಅಂದ್ರಿ. ಬ್ಯಾಡ, ಹಂಗ ಇರಲಿ. ಬಡದ ಹಾಕೂ ಬಾಗಲಾ ಯಾರೂ ಮರತು ಅರ್ಧ ಬಿಡೂದಿಲ್ಲ.

ಒಳಗ ಕಪ್ಪು ಬಸಿ ಸಪ್ಪಳಾ ಕೇಳಾಕ ಹತ್ತೈತಿ. ನನಗ ಚಾ ಬ್ಯಾಡ, ಕೊಲ್ಲಾಪುರ ಗಾಡಿ ಬರೂ ಹೊತ್ತಾತು. ಗಂಟು ಬೀದಿ ಕಟ್ಟಿ ಮ್ಯಾಲ ಐತಿ. ಮುಂಬಾಗಲದಿಂದ ಹೊರಗ ಬಿದ್ದು, ಕೋಣಿ ಬೀದಿ ಬಾಗಲಾ ಹೊರಗಿಂದ ಎಳದು ಹಾಕತೇನಿ. ಈ ಸಲ ಗಿಲಾವ ಬಿದ್ರ ಬೈಬ್ಯಾಡ್ರಿ ಅಕ್ಕ. ದೀಪ ನೋಡ್ರಿ.

ಹೊಂಟೆ. ಬಾಗಲಾ ಬಡೀತೇನಿ.

ಬಸೂ